ಖಾಸಗಿಯಾಗಿ ಕಟ್ಟುವ ಪರೀಕ್ಷೆಗಳು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಕ್ಷೇತ್ರದ ಉದ್ಯೋಗಾವಕಾಶಗಳ ಬಗ್ಗೆ ಮಾತನಾಡಬೇಕೆಂದು ಸಂಘಟಕರು ನನಗೆ ಹೇಳಿದ್ದರು. ಆ ವಿಷಯವನ್ನು ಸ್ವಲ್ಪ ಕಿರಿದು ಮಾಡಿಕೊಳ್ಳಲು ಅವರ ಅನುಮತಿ ಪಡೆದಿದ್ದೇನೆ. ಕಾಲೇಜಿಗೆ ಹೋಗದೆ, ಅಥವಾ ಕೆಲಸ ಮಾಡುತ್ತಲೇ, ಸ್ವಂತ ಓದಿನಿಂದ ಪಾಸು ಮಾಡಬಹುದಾದ ಕಂಪ್ಯೂಟರ್ ಮತ್ತು ಸಂಖ್ಯಾಶಾಸ್ತ್ರದ ವೃತ್ತಿ ಪರೀಕ್ಷೆಗಳ ಬಗ್ಗೆ ಮಾತ್ರ ಇವತ್ತು ಮಾತನಾಡುತ್ತೇನೆ.

ಕಾರಣ ಹೇಳುತ್ತೇನೆ. 2005ರಲ್ಲಿ ನಾವು ಇಲ್ಲಿಂದ ಎಸ್‌ಎಸ್‌ಎಲ್‌ಸಿ ಮುಗಿಸಿ ಹೊರಟಾಗ ತರಗತಿಯಲ್ಲಿ ನಲವತ್ತೆರಡು ಜನ ಇದ್ದೆವು. ಅದರಲ್ಲಿ ಬಿಇ ಓದಿದವರು ಮೂವರು. ಗಣಿತದಲ್ಲಿ ನಮಗಿಂತ ಚುರುಕಾಗಿದ್ದವರು ಕನಿಷ್ಠ ಹತ್ತು ಮಂದಿ ಇದ್ದರು. ಇದಕ್ಕೆ ನಮ್ಮ ಗಣಿತದ ಮೇಷ್ಟ್ರು ಇಲ್ಲೇ ಸಾಕ್ಷಿಯಾಗಿ ಕುಳಿತಿದ್ದಾರೆ. ಒಬ್ಬರಿಗೆ ತಂದೆ ತೀರಿಕೊಂಡರು, ಒಬ್ಬರ ಮನೆಯಲ್ಲಿ ತೋಟ ನೋಡಿಕೊಳ್ಳುವವರಿರಲಿಲ್ಲ, ಕೆಲವು ಹುಡುಗಿಯರಿಗೆ ಪಿಯುಸಿ ಮುಗಿಯುವ ಮೊದಲೇ ಮದುವೆಯಾಯಿತು. ಹಾಗೆ ನಿಂತವರಿಗೆ ಮತ್ತೆ ಓದಿನ ದಾರಿ ಹಿಡಿಯಲು ಒಂದು ಉಪಾಯ ಇದೆ ಎಂದು ಆಗ ಹೇಳುವವರು ಯಾರೂ ಇರಲಿಲ್ಲ. ಈ ವರ್ಷ ಹತ್ತನೇ ತರಗತಿಯಲ್ಲಿರುವ ಮಕ್ಕಳಲ್ಲೂ ಕೆಲವರಿಗೆ ಹೀಗೇ ಆಗಬಹುದು. ಅದಕ್ಕೇ ಈ ವಿಷಯ.

ಖಾಸಗಿಯಾಗಿ ಪರೀಕ್ಷೆ ಕಟ್ಟುವುದು ನಮ್ಮ ಊರಿಗೆ ಹೊಸದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳನ್ನು ಮನೆಯಲ್ಲೇ ಓದಿ ಪಾಸು ಮಾಡಿದ ಹಿರಿಯರು ಈ ಸಭೆಯಲ್ಲಿದ್ದಾರೆ. ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸಿ ಶಿಕ್ಷಕರಾದವರಿದ್ದಾರೆ. ಸಂಜೆ ಹೊತ್ತು ಟೈಪಿಂಗ್ ಕಲಿತು ಜೂನಿಯರ್, ಸೀನಿಯರ್ ಪಾಸು ಮಾಡಿ ತಾಲ್ಲೂಕು ಕಚೇರಿ ಸೇರಿದವರಿದ್ದಾರೆ. ಮೇಷ್ಟರ ಕೆಲಸ ಮಾಡುತ್ತಲೇ ಎಕ್ಸ್‌ಟರ್ನಲ್ ಆಗಿ ಬಿಎ, ಎಂಎ ಕಟ್ಟಿದ ಗುರುಗಳು ನಮಗೇ ಪಾಠ ಹೇಳಿದ್ದಾರೆ. ಡಿಪ್ಲೊಮಾ ಓದಿ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರಿದವರು ಎಎಂಐಇ ಪರೀಕ್ಷೆ ಬರೆದು ಎಂಜಿನಿಯರ್ ಆಗಿ ಬಡ್ತಿ ಪಡೆದದ್ದೂ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿತ್ತು. ಕಂಪ್ಯೂಟರ್ ಮತ್ತು ಸಂಖ್ಯಾಶಾಸ್ತ್ರದಲ್ಲೂ ಅಂಥ ಪರೀಕ್ಷೆಗಳಿವೆ.

ಈ ಎರಡು ವಿಷಯಗಳನ್ನು ಯಾಕೆ ಜೊತೆಗೆ ಹೇಳುತ್ತಿದ್ದೇನೆ ಎಂದರೆ, ಇವೆರಡೂ ಒಂದೇ ಮನೆಯಲ್ಲಿ ಬೆಳೆದ ಮಕ್ಕಳು. ಒಂದು ಕಾಲದಲ್ಲಿ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ಲೆಕ್ಕ ಮಾಡುವ ಮನುಷ್ಯ. ಸಂಖ್ಯಾಶಾಸ್ತ್ರದ ಕಚೇರಿಗಳಲ್ಲಿ ಅದು ಒಂದು ಹುದ್ದೆಯ ಹೆಸರು. ಪ್ರಶಾಂತ ಚಂದ್ರ ಮಹಾಲನೋಬಿಸ್ ಅವರು 1931ರಲ್ಲಿ ಕೋಲ್ಕತ್ತದಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದರು. 1955–56ರ ಸುಮಾರಿಗೆ ಇಂಗ್ಲೆಂಡಿನಿಂದ ಬಂದ ದೇಶದ ಮೊದಲ ಡಿಜಿಟಲ್ ಕಂಪ್ಯೂಟರ್ ಬಂದು ಕುಳಿತದ್ದು ಅದೇ ಸಂಸ್ಥೆಯಲ್ಲಿ. ಆ ಸಂಸ್ಥೆಯಲ್ಲಿ ಬೆಳೆದು ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನ ಹಡಗಲಿಯಲ್ಲಿ. 2023ರಲ್ಲಿ, 102ನೇ ವಯಸ್ಸಿನಲ್ಲಿ, ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ವರ್ಷ ಅವರು ತೀರಿಕೊಂಡರು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಆ ಸಂಸ್ಥೆಯ ಒಂದು ಕೇಂದ್ರವಿದೆ. ಬಸ್ಸಿನಲ್ಲಿ ಹೋಗುವಾಗ ಬೋರ್ಡು ನೋಡಿ.

ಈಗ ಪರೀಕ್ಷೆಗಳ ವಿಚಾರಕ್ಕೆ ಬರುತ್ತೇನೆ. ಎಲ್ಲವನ್ನೂ ಹೇಳುವುದಿಲ್ಲ. ನನಗೆ ಹತ್ತಿರದಿಂದ ಗೊತ್ತಿರುವ ಮೂರು ನಾಲ್ಕನ್ನು ಹೇಳುತ್ತೇನೆ.

ಮೊದಲನೆಯದು ಕೇಂದ್ರ ಸರ್ಕಾರದ ನೈಲಿಟ್ ಸಂಸ್ಥೆಯ ಪರೀಕ್ಷೆಗಳು. ಈ ಸಂಸ್ಥೆಗೆ 2011ರವರೆಗೆ ಡೋಯಕ್ ಎಂಬ ಹೆಸರಿತ್ತು. ಇದರಲ್ಲಿ ಓ, ಎ, ಬಿ, ಸಿ ಎಂಬ ನಾಲ್ಕು ಹಂತಗಳಿವೆ. ಓ ಲೆವೆಲ್ ತಳಪಾಯದ ಮಟ್ಟದ್ದು, ಎ ಲೆವೆಲ್ ಅದಕ್ಕಿಂತ ಮೇಲಿನ ಡಿಪ್ಲೊಮಾ ಮಟ್ಟದ್ದು, ಬಿ ಲೆವೆಲ್ ಸುಮಾರು ಎಂಸಿಎ ಮಟ್ಟದ್ದು. ಓ ಲೆವೆಲ್ಲಿನಲ್ಲಿ ಈಗ ನಾಲ್ಕು ವಿಷಯಗಳು, ಪ್ರಾಯೋಗಿಕ ಪರೀಕ್ಷೆ, ಒಂದು ಪ್ರಾಜೆಕ್ಟ್. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು, ವೆಬ್ ಪುಟ ವಿನ್ಯಾಸ ಇವೆಲ್ಲ ಅದರಲ್ಲಿವೆ. ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ ಪರೀಕ್ಷೆ. ಮಾನ್ಯತೆ ಪಡೆದ ಕೇಂದ್ರಕ್ಕೆ ಸೇರಿ ಓದಬಹುದು, ಸೇರದೆ ನೇರ ಅಭ್ಯರ್ಥಿಯಾಗಿಯೂ ಕಟ್ಟಬಹುದು. ಇದಕ್ಕೂ ಚಿಕ್ಕದು ಬೇಕೆಂದರೆ ಅದೇ ಸಂಸ್ಥೆಯ ಸಿಸಿಸಿ ಪರೀಕ್ಷೆ ಇದೆ. ನೂರು ಪ್ರಶ್ನೆ, ತೊಂಬತ್ತು ನಿಮಿಷ. ನಮ್ಮ ಶಿಕ್ಷಕರೂ ಸರ್ಕಾರಿ ನೌಕರರೂ ಬರೆದಿರುವ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನು ನೆನೆಸಿಕೊಂಡರೆ ಅದರ ಅಂದಾಜು ಸಿಗುತ್ತದೆ.

ನಮ್ಮ ತರಗತಿಯ ಗೆಳತಿಯೊಬ್ಬರ ವಿಷಯ ಇಲ್ಲಿ ಹೇಳಬೇಕು. ಹೆಸರು ಹೇಳಬೇಡ ಎಂದಿದ್ದಾರೆ, ಹೇಳುವುದಿಲ್ಲ. ಪಿಯುಸಿ ಎರಡನೇ ವರ್ಷದಲ್ಲಿ ಅವರ ತಂದೆಗೆ ಪಾರ್ಶ್ವವಾಯು ಬಡಿಯಿತು. ಕಾಲೇಜು ಅಲ್ಲಿಗೆ ನಿಂತಿತು. ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದು, ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತಾ, 2008ರಲ್ಲಿ ಓ ಲೆವೆಲ್ಲಿಗೆ ನೇರವಾಗಿ ಹೆಸರು ಹಾಕಿದರು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಭಾನುವಾರ ತಿಪಟೂರಿಗೆ ಹೋಗಿ ಗಂಟೆ ಲೆಕ್ಕದಲ್ಲಿ ಹಣ ಕೊಟ್ಟು ಅಭ್ಯಾಸ ಮಾಡುತ್ತಿದ್ದರು. ಮಿಕ್ಕ ದಿನ ಸಿ ಭಾಷೆಯ ಪ್ರೋಗ್ರಾಮನ್ನು ನೋಟ್‌ಬುಕ್ಕಿನಲ್ಲಿ ಬರೆದು, ಒಂದೊಂದು ಸಾಲಿನ ನಂತರ ಯಾವ ವೇರಿಯಬಲ್ಲಿನಲ್ಲಿ ಯಾವ ಬೆಲೆ ಇರುತ್ತದೆ ಎಂದು ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದರು. ಒಂದೊಂದು ಸಲಕ್ಕೆ ಒಂದೊಂದು ಪೇಪರ್ ಕಟ್ಟಿ ಮೂರು ವರ್ಷದಲ್ಲಿ ಮುಗಿಸಿದರು. ಆಮೇಲೆ ದೂರಶಿಕ್ಷಣದಲ್ಲಿ ಬಿಕಾಂ ಮಾಡಿದರು. ಈಗ ಒಂದು ಸಹಕಾರ ಬ್ಯಾಂಕಿನ ಏಳು ಶಾಖೆಗಳ ಲೆಕ್ಕದ ತಂತ್ರಾಂಶವನ್ನು ನೋಡಿಕೊಳ್ಳುತ್ತಾರೆ. ನಾನು ಹವಾನಿಯಂತ್ರಿತ ಕೋಣೆಯಲ್ಲಿ ಯಂತ್ರದ ಮುಂದೆ ಕುಳಿತು ಕಲಿತದ್ದನ್ನು ಅವರು ಹಾಳೆಯ ಮೇಲೆ ಕಲಿತರು. ಈಗಲೂ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದರಲ್ಲಿ ಅವರ ಕಣ್ಣು ನನ್ನದಕ್ಕಿಂತ ಚುರುಕು.

ಎರಡನೆಯದು ಎನ್‌ಪಿಟಿಇಎಲ್. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಈ ಯೋಜನೆಯಲ್ಲಿ ಪಾಠಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಪ್ರೋಗ್ರಾಮಿಂಗ್, ಡೇಟಾಬೇಸ್, ಸಂಭವನೀಯತೆ, ಸಂಖ್ಯಾಶಾಸ್ತ್ರ ಎಲ್ಲವೂ ಇವೆ. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ, ನಿಗದಿಯಾದ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ನಾನು ಬರೆದಾಗ ಒಂದು ವಿಷಯಕ್ಕೆ ಸಾವಿರ ರೂಪಾಯಿ ಇತ್ತು. ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75 ಅಂಕ. ಪಿಯುಸಿ ಮುಗಿಸಿ ಪದವಿಯೇ ಬೇಕು ಎನ್ನುವವರಿಗೆ ಐಐಟಿ ಮದ್ರಾಸ್ 2020ರಲ್ಲಿ ದತ್ತಾಂಶ ವಿಜ್ಞಾನದ ಆನ್‌ಲೈನ್ ಪದವಿ ಶುರುಮಾಡಿದೆ. ಅದಕ್ಕೆ ಜೆಇಇ ಬೇಡ. ನಾಲ್ಕು ವಾರ ಪಾಠ ಕೇಳಿ ಅರ್ಹತಾ ಪರೀಕ್ಷೆ ಪಾಸಾದರೆ ಪ್ರವೇಶ. ಕುಟುಂಬದ ಆದಾಯ ಕಡಿಮೆಯಿದ್ದವರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಶುಲ್ಕದಲ್ಲಿ ದೊಡ್ಡ ರಿಯಾಯಿತಿಯಿದೆ. ಪೂರ್ತಿ ಮುಗಿಸಲಾಗದೆ ಮಧ್ಯದಲ್ಲಿ ನಿಲ್ಲಿಸಿದರೂ ಅಲ್ಲಿಯವರೆಗಿನ ಹಂತಕ್ಕೆ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಸಿಗುತ್ತದೆ. ಮನೆಯ ತಾಪತ್ರಯ ಇರುವವರಿಗೆ ಇದು ಬಹಳ ಮುಖ್ಯವಾದ ಅನುಕೂಲ.

ಮೂರನೆಯದು ಕಷ್ಟದ್ದು, ಆದರೆ ನನಗೆ ಇಷ್ಟವಾದದ್ದು. ನಮ್ಮ ಮನೆಗೆ ಎಲ್‌ಐಸಿ ಏಜೆಂಟರು ಬಂದು, ಇಷ್ಟು ವಯಸ್ಸಿಗೆ ಇಷ್ಟು ಪ್ರೀಮಿಯಂ ಎಂದು ಪಟ್ಟಿ ತೋರಿಸುತ್ತಾರಲ್ಲ, ಆ ಲೆಕ್ಕ ಹಾಕುವವರನ್ನು ಆಕ್ಚುರಿ ಎನ್ನುತ್ತಾರೆ. 2006ರ ಕಾಯಿದೆಯಡಿ ಇರುವ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುರೀಸ್ ಆಫ್ ಇಂಡಿಯಾ ಇದರ ಪರೀಕ್ಷೆ ನಡೆಸುತ್ತದೆ. ಪಿಯುಸಿ ಆದವರು ಎಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಒಳಗೆ ಹೋಗಬಹುದು. ಅಲ್ಲಿ ತರಗತಿ ಇಲ್ಲ, ಹಾಜರಿ ಇಲ್ಲ. ಪಠ್ಯ ತರಿಸಿಕೊಂಡು ನಾವೇ ಓದಬೇಕು.

ನಾನು ಬಿಇ ಮುಗಿಸಿ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ, ಸಾಲ ಮತ್ತು ವಿಮೆಯ ದತ್ತಾಂಶ ನೋಡುವ ತಂಡಕ್ಕೆ ಹೋದೆ. ಪ್ರೋಗ್ರಾಂ ಬರೆಯಲು ಬರುತ್ತಿತ್ತು. ಆದರೆ ಬಂದ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂದು ಹೇಳುವ ವಿದ್ಯೆ ಬೇರೆ. ಅದಕ್ಕಾಗಿ ಸಿಎಸ್ 1 ಎಂಬ ಸಂಖ್ಯಾಶಾಸ್ತ್ರದ ವಿಷಯಕ್ಕೆ ಕಟ್ಟಿದೆ. ಅದರಲ್ಲಿ ಎರಡು ಭಾಗ. ಒಂದರಲ್ಲಿ ಸಿದ್ಧಾಂತ, ಇನ್ನೊಂದರಲ್ಲಿ ಆರ್ ಎಂಬ ತಂತ್ರಾಂಶ ಬಳಸಿ ಕಂಪ್ಯೂಟರಿನಲ್ಲೇ ಲೆಕ್ಕ ಮಾಡಿ ತೋರಿಸಬೇಕು. ಅಭ್ಯಾಸಕ್ಕೆ ನಾನು ಬಳಸಿದ್ದು ನಮ್ಮಪ್ಪ ಕೊಬ್ಬರಿ ಮಾರಿದ ಹಳೆಯ ಪಟ್ಟಿಗಳ ಕಟ್ಟು. ಇಲ್ಲಿನ ಮಕ್ಕಳಿಗೆ ಅರ್ಥವಾಗುವ ಹಾಗೆ ಒಂದು ಲೆಕ್ಕ ಹೇಳುತ್ತೇನೆ. ಮೂರು ವಾರ ಕೊಬ್ಬರಿ ಬೆಲೆ ಕ್ವಿಂಟಲಿಗೆ 11,000, 12,000, 13,000 ಇತ್ತು ಎಂದುಕೊಳ್ಳಿ. ಇನ್ನೊಂದು ಮೂರು ವಾರ 7,000, 12,000, 17,000 ಇತ್ತು. ಎರಡರ ಸರಾಸರಿಯೂ 12,000. ಆದರೆ ಎರಡನೆಯ ಬೆಲೆ ನೋಡಿ ತೋಟದವರು ಮಗಳ ಮದುವೆ ದಿನ ಗೊತ್ತು ಮಾಡಲು ಆಗುವುದಿಲ್ಲ. ಆ ಆತಂಕ ಎಷ್ಟು ದೊಡ್ಡದು ಎಂದು ಅಳೆಯುವ ಕೋಲೇ ಮಾನಕ ವಿಚಲನೆ. ವಿಮೆಯ ವ್ಯವಹಾರಕ್ಕೂ, ಬ್ಯಾಂಕಿನ ಸಾಲಕ್ಕೂ ಈ ಅಳತೆ ಬೇಕೇ ಬೇಕು. ಸರಾಸರಿ, ಮಧ್ಯಾಂಕ, ಸಂಭವನೀಯತೆ ಎಂದು ಇದೇ ಕಟ್ಟಡದಲ್ಲಿ ಕಲಿತದ್ದೇ ಅದರ ತಳಪಾಯ. ನಾನಿನ್ನೂ ಆಕ್ಚುರಿ ಆಗಿಲ್ಲ. ಎರಡು ವಿಷಯ ಮುಗಿಸಿದ್ದೇನೆ, ಬಹಳಷ್ಟು ಬಾಕಿ ಇವೆ. ಆದರೆ ಆ ಎರಡು ವಿಷಯಗಳಿಗಾಗಿ ಓದಿದ್ದು ಪ್ರತಿದಿನ ಕೆಲಸಕ್ಕೆ ಬರುತ್ತಿದೆ.

ಇನ್ನು ಕಂಪನಿಗಳೇ ನಡೆಸುವ ಪರೀಕ್ಷೆಗಳಿವೆ. ನೆಟ್‌ವರ್ಕ್ ಕೆಲಸಕ್ಕೆ ಸಿಸ್ಕೋ ಕಂಪನಿಯ ಸಿಸಿಎನ್‌ಎ, ಲಿನಕ್ಸ್ ನಿರ್ವಹಣೆಗೆ ರೆಡ್ ಹ್ಯಾಟ್ ಕಂಪನಿಯ ಪರೀಕ್ಷೆ. ಎರಡನೆಯದರಲ್ಲಿ ಸರಿ ಉತ್ತರಕ್ಕೆ ಗುರುತು ಹಾಕುವ ಪ್ರಶ್ನೆಗಳಿಲ್ಲ. ಯಂತ್ರದ ಮುಂದೆ ಕೂರಿಸಿ ಕೆಲಸ ಮಾಡಿ ತೋರಿಸು ಎನ್ನುತ್ತಾರೆ. ಒಳ್ಳೆಯ ಪರೀಕ್ಷೆಗಳೇ, ಆದರೆ ಶುಲ್ಕ ಹೆಚ್ಚು, ಮೂರು ವರ್ಷಕ್ಕೆ ಅವಧಿ ಮುಗಿಯುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಕಂಪನಿಯ ಖರ್ಚಿನಲ್ಲಿ ಬರೆಯಬಹುದಾದರೆ ಬರೆಯಿರಿ. ಅಪ್ಪನ ಹತ್ತಿರ ಸಾಲ ಮಾಡಿಸಿ ಬರೆಯಬೇಡಿ.

ಈ ಪರೀಕ್ಷೆಗಳ ಬೆಲೆ ಏನು? ನೇರವಾಗಿ ಹೇಳುತ್ತೇನೆ. ಇವು ಬಿಇ ಪದವಿಗೆ ಬದಲಿಯಲ್ಲ. ಬಿಇ ಇಲ್ಲದವರ ಅರ್ಜಿಯನ್ನು ಓದದೆ ಪಕ್ಕಕ್ಕಿಡುವ ಕಂಪನಿಗಳು ಈಗಲೂ ಇವೆ. ಕಾಲೇಜಿಗೆ ಹೋಗುವ ಅನುಕೂಲವಿದ್ದವರು ದಯವಿಟ್ಟು ಕಾಲೇಜಿಗೆ ಹೋಗಿ. ನಾನು ಸಂದರ್ಶನ ಮಾಡುವ ಜಾಗದಲ್ಲೂ ಕುಳಿತಿದ್ದೇನೆ. ಸರ್ಟಿಫಿಕೇಟ್ ನೋಡಿದ ಕೂಡಲೇ ಕೆಲಸ ಕೊಟ್ಟದ್ದನ್ನು ನಾನು ಕಂಡಿಲ್ಲ. ಆದರೆ ಅದನ್ನು ನೋಡಿ, ‘ಕೆಲಸ ಮಾಡುತ್ತಲೇ ಇದನ್ನು ಓದಿದಿರಾ? ಹೇಗೆ ಓದಿದಿರಿ?’ ಎಂದು ಕೇಳಿ, ಹತ್ತು ನಿಮಿಷದಲ್ಲಿ ಮುಗಿಯಬೇಕಿದ್ದ ಸಂದರ್ಶನ ಮುಕ್ಕಾಲು ಗಂಟೆ ನಡೆದದ್ದನ್ನು ಕಂಡಿದ್ದೇನೆ. ಹಳ್ಳಿಯಿಂದ ಬಂದವರಿಗೆ ಆ ಮುಕ್ಕಾಲು ಗಂಟೆ ಸಿಗುವುದೇ ಕಷ್ಟ. ಇಲ್ಲಿ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ. ಉತ್ತರ ತಿದ್ದುವವರಿಗೆ ನೀವು ಯಾವ ಊರಿನವರು, ಯಾವ ಮಾಧ್ಯಮದಲ್ಲಿ ಓದಿದವರು ಎಂಬುದು ಗೊತ್ತಿರುವುದಿಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೆ ಇಂಥ ಅಳತೆಗೋಲು ಹೆಚ್ಚು ಸಿಗುವುದಿಲ್ಲ.

ಆದರೆ ಇದೇ ಆಸೆಯನ್ನು ಬಂಡವಾಳ ಮಾಡಿಕೊಂಡವರೂ ಇದ್ದಾರೆ. ನನ್ನ ತಮ್ಮ ಹದಿನೆಂಟು ಸಾವಿರ ರೂಪಾಯಿ ಕಟ್ಟಿ, ಒಂದು ಪಟ್ಟಣದ ಕೇಂದ್ರವೊಂದರಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದ. ಬಂಗಾರದ ಬಣ್ಣದ ಮುದ್ರೆಯಿದ್ದ ದೊಡ್ಡ ಸರ್ಟಿಫಿಕೇಟ್ ಕೊಟ್ಟರು. ನೌಕರಿಯ ಅರ್ಜಿಯಲ್ಲಿ ‘ಮಾನ್ಯತೆ ನೀಡಿದ ಪ್ರಾಧಿಕಾರ’ ಎಂಬ ಕಾಲಂ ಬಂದಾಗ ಬರೆಯಲು ಏನೂ ಇರಲಿಲ್ಲ. ಪಾಠ ಮಾಡಿದವರೂ ಅವರೇ, ಪರೀಕ್ಷೆ ಮಾಡಿದವರೂ ಅವರೇ, ಸರ್ಟಿಫಿಕೇಟ್ ಮುದ್ರಿಸಿದವರೂ ಅವರೇ. ಆದ್ದರಿಂದ ತಂದೆತಾಯಿಗಳಿಗೆ ನನ್ನ ವಿನಂತಿ, ಹಣ ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿ.

ಒಂದು, ಪಾಠ ಮಾಡುವವರು ಬೇರೆ, ಪರೀಕ್ಷೆ ನಡೆಸುವವರು ಬೇರೆಯೇ? ಅಥವಾ ಪರೀಕ್ಷೆ ನಡೆಸುವುದು ಕಾನೂನಿನಡಿ ಇರುವ ಸಂಸ್ಥೆಯೇ?

ಎರಡು, ಪಠ್ಯಕ್ರಮ ಮತ್ತು ಹಳೆಯ ಪ್ರಶ್ನೆಪತ್ರಿಕೆಗಳು ಹಣ ಕಟ್ಟುವ ಮೊದಲೇ ಎಲ್ಲರಿಗೂ ನೋಡಲು ಸಿಗುತ್ತವೆಯೇ?

ಮೂರು, ಈ ಸರ್ಟಿಫಿಕೇಟನ್ನು ಒಪ್ಪುವವರು ಯಾರು? ನೇಮಕಾತಿ ಅಧಿಸೂಚನೆಯಲ್ಲಿ, ಸರ್ಕಾರಿ ಆದೇಶದಲ್ಲಿ ಎಲ್ಲಿದೆ ಎಂದು ಮುದ್ರಿತ ಕಾಗದ ತೋರಿಸಲಿ. ಬಾಯಿಮಾತು ಬೇಡ.

ಮೂರನೆಯ ಪ್ರಶ್ನೆಯನ್ನು ಪ್ರತಿ ಸಲವೂ ಹೊಸದಾಗಿ ಕೇಳಬೇಕು. ನಾನು ಆಗ ಹೇಳಿದ ಎಎಂಐಇ ಪರೀಕ್ಷೆಯನ್ನೇ ನೋಡಿ. 1920ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುವ ಪರೀಕ್ಷೆ ಅದು. ಅದಕ್ಕೆ ಬಿಇಗೆ ಸಮಾನ ಎಂಬ ಕೇಂದ್ರದ ಮಾನ್ಯತೆ ಇರುವುದು 2013ರ ಮೇ 31ರವರೆಗೆ ಹೆಸರು ನೋಂದಾಯಿಸಿದವರಿಗೆ. ಅಣ್ಣನಿಗೆ ಬಡ್ತಿ ಕೊಡಿಸಿದ ಪರೀಕ್ಷೆ ತಮ್ಮನಿಗೂ ಕೊಡಿಸುತ್ತದೆ ಎಂದುಕೊಳ್ಳಬಾರದು. ಲಂಡನ್ನಿನ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ ಕೂಡ ಸ್ವಂತ ಓದಿನವರಿಗಾಗಿ ಮೂರು ಹಂತದ ಪರೀಕ್ಷೆ ನಡೆಸುತ್ತಿತ್ತು. 2017ರಲ್ಲಿ ಅವು ನಿಂತವು. ಆದರೆ ಅದರ ಹಳೆಯ ಪ್ರಶ್ನೆಪತ್ರಿಕೆಗಳನ್ನು ಉತ್ತರಗಳ ಸಮೇತ ಇಟ್ಟುಕೊಂಡು ನಾನು ಅಭ್ಯಾಸ ಮಾಡಿದ್ದೇನೆ. ಪರೀಕ್ಷೆಯ ಮಾನ್ಯತೆ ಸರ್ಕಾರದ ಆದೇಶಕ್ಕೆ ಸೇರಿದ್ದು. ಅದಕ್ಕಾಗಿ ಓದಿದ್ದು ನಮಗೆ ಸೇರಿದ್ದು.

ನಮ್ಮ ಮಕ್ಕಳ ದೊಡ್ಡ ಅಡ್ಡಿ ಗಣಿತವಲ್ಲ, ಇಂಗ್ಲಿಷ್. ಈ ಪರೀಕ್ಷೆಗಳು ಕನ್ನಡದಲ್ಲಿ ಇಲ್ಲ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವನಾಗಿ ನನಗೆ ಉಪಯೋಗಕ್ಕೆ ಬಂದದ್ದನ್ನು ಹೇಳುತ್ತೇನೆ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ. ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ನಮ್ಮ ಪಠ್ಯಪುಸ್ತಕದ ಕನ್ನಡ ಪದ, ಮೂರನೆಯದರಲ್ಲಿ ಸ್ವಂತದ ಒಂದು ಉದಾಹರಣೆ. ಮುನ್ನೂರು ಪದ ತುಂಬುವ ಹೊತ್ತಿಗೆ ಪುಸ್ತಕ ಓದಲು ಬರುತ್ತದೆ. ಈ ಪರೀಕ್ಷೆಗಳ ಇಂಗ್ಲಿಷ್ ಕಥೆ ಕಾದಂಬರಿಯ ಇಂಗ್ಲಿಷಲ್ಲ, ಅವೇ ಪದಗಳು ಮತ್ತೆ ಮತ್ತೆ ಬರುತ್ತವೆ. ಎರಡನೆಯದಾಗಿ, ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. ವಿಡಿಯೊ ನೋಡುವಾಗ ಎಲ್ಲ ಅರ್ಥವಾದ ಹಾಗೆ ಇರುತ್ತದೆ, ಪೆನ್ನು ಹಿಡಿದಾಗಲೇ ನಿಜ ಗೊತ್ತಾಗುವುದು. ಮೂರನೆಯದಾಗಿ, ಒಂದು ಸಲಕ್ಕೆ ಒಂದೇ ವಿಷಯಕ್ಕೆ ಕಟ್ಟಿ. ನಾನೂ ಬೆಳಗ್ಗೆ ಐದೂವರೆಯಿಂದ ಏಳರವರೆಗೆ, ಕೆಲಸಕ್ಕೆ ಹೊರಡುವ ಮುಂಚೆ ಓದಿದವನು. ದಿನಕ್ಕೆ ಒಂದೂವರೆ ಗಂಟೆಯಾದರೆ ಆರು ತಿಂಗಳಿಗೆ ಸುಮಾರು ಇನ್ನೂರೈವತ್ತು ಗಂಟೆ. ಒಂದು ವಿಷಯಕ್ಕೆ ಅದು ಸಾಲುತ್ತದೆ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಂದು ಮನವಿ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಮುಂದೆ ಕಮಾನು ಕಟ್ಟಬೇಕೆಂಬ ಮಾತು ನಡೆದಿದೆ. ಕಟ್ಟೋಣ, ನನ್ನ ಪಾಲಿನ ಹಣ ಕೊಡುತ್ತೇನೆ. ಅದರ ಜೊತೆಗೆ ಒಂದು ಚಿಕ್ಕ ನಿಧಿಯನ್ನೂ ಇಡೋಣ. ಈ ಶಾಲೆಯಲ್ಲಿ ಓದಿ, ಮನೆಯ ತೊಂದರೆಯಿಂದ ಮುಂದೆ ಓದಲಾಗದವರು ಯಾರೇ ಇರಲಿ, ಹದಿನೆಂಟು ವರ್ಷದವರಾಗಲಿ, ಎರಡು ಮಕ್ಕಳ ತಾಯಿಯಾಗಿರಲಿ, ಇಂಥ ಒಂದು ಪರೀಕ್ಷೆಗೆ ಕೂರುತ್ತೇನೆ ಎಂದರೆ ಮೊದಲ ವಿಷಯದ ಶುಲ್ಕವನ್ನು ಆ ನಿಧಿಯಿಂದ ಕಟ್ಟೋಣ. ಅಭ್ಯಾಸಕ್ಕೆ ನಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆ. ಅರ್ಜಿ ತುಂಬುವುದರಿಂದ ಹಿಡಿದು ಪ್ರಶ್ನೆಪತ್ರಿಕೆ ಬಿಡಿಸುವವರೆಗೆ, ಪ್ರತಿ ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೊಂದರವರೆಗೆ ಫೋನಿನಲ್ಲಿ ನಾನು ಸಿಗುತ್ತೇನೆ. ನಾನು ಆಗ ಹೇಳಿದ ಗೆಳತಿಯೂ ಪಾಠ ಹೇಳಲು ಒಪ್ಪಿದ್ದಾರೆ. ಮೊದಲ ವರ್ಷ ಐದು ಜನರ ಶುಲ್ಕ ನಾನೇ ಕಟ್ಟುತ್ತೇನೆ. ಹೆಸರುಗಳನ್ನು ಮುಖ್ಯೋಪಾಧ್ಯಾಯರ ಹತ್ತಿರ ಕೊಡಿ.